ಒಂದು ಚದರ ಮೀಟರು

ನಾಲ್ಕು ಕಬ್ಬಿಣದ ಗೂಟ, ಸುತ್ತ ನೈಲಾನ್ ದಾರ.
ಯೋಕ್‌ಮೋಕಿನ ಆಚೆ, ಸುಟ್ಟ ಗುಡ್ಡದ ಮೈಮೇಲೆ
ಇಷ್ಟೇ ನನ್ನ ರಾಜ್ಯ. ಹತ್ತು ಬೇಸಿಗೆಯಿಂದ
ಮೊಣಕಾಲೂರಿ ಎಣಿಸುತ್ತಿದ್ದೇನೆ ಇದರ ಪ್ರಜೆಗಳನ್ನು.

ಮೊದಲ ವರ್ಷ ಬರೆದದ್ದು: ಬೂದಿ, ನಾಲ್ಕು ಬೆರಳು.
ಕಾಲಿಟ್ಟರೆ ಹಿಟ್ಟಿನ ಹಾಗೆ ಏಳುತ್ತಿತ್ತು.
ಮತ್ತೇನೂ ಇಲ್ಲ ಎಂದು ಬರೆಯಹೊರಟಾಗ
ಕಪ್ಪು ಜೀರುಂಡೆಯೊಂದು ಕತ್ತಿಗೆ ಕಚ್ಚಿತು.
ಹೊಗೆಯ ಜಾಡು ಹಿಡಿದು ಎಷ್ಟು ಹರದಾರಿ ಹಾರಿ ಬಂದಿತ್ತೋ
ಇನ್ನೂ ಬೆಚ್ಚಗಿದ್ದ ಮರದೊಳಗೆ ಮೊಟ್ಟೆಯಿಡಲು!
ಎಲ್ಲರೂ ಬಿಟ್ಟು ಓಡಿದ ಜಾಗಕ್ಕೆ
ಬಾಣಂತನಕ್ಕೆಂದು ಬರುವವರೂ ಇರುತ್ತಾರೆ.

ಎರಡನೆಯ ವರ್ಷ, ನೀಲಿಗೆ ತಿರುಗಿದ ನೇರಳೆ ಹೂವು.
ಹಿಂದಿನ ಬೆಂಕಿಯ ಕಾಲಕ್ಕೆ ಉದುರಿದ ಬೀಜವಂತೆ,
ನೂರು ವರ್ಷ ಮಣ್ಣಿಗೆ ಕಿವಿಯಾನಿಸಿ ಮಲಗಿ
ಸುಡುವ ತನಕ ಏಳೆನೆಂದು ಹಟ ಹಿಡಿದದ್ದು.
ಅದರ ತಾಯಿಯನ್ನು ಕಂಡವರು ಯಾರೂ ಬದುಕಿಲ್ಲ.
ಎರಡೇ ಬೇಸಿಗೆ ಅರಳಿ, ಮತ್ತೆ ಬೀಜವಾಗಿ
ಇಳಿದುಹೋಯಿತು ಕೆಳಗೆ,
ಮುಂದಿನ ಬೆಂಕಿಯವರೆಗೆ. ಅವಸರವಿಲ್ಲ.

ಆಮೇಲೆ ಉದ್ದ ಕಡ್ಡಿಯ ಗುಲಾಬಿ ಕಳೆ.
ಗುಡ್ಡಕ್ಕೆ ಗುಡ್ಡವೇ ಮದುವೆಮನೆ.
ಪೇಪರಿನವರು ಬಂದರು, ಫೋಟೋ ತೆಗೆದರು,
ಕಾಡು ಮರಳಿದೆ ಎಂದು ಅಚ್ಚು ಹಾಕಿದರು.
ನಾನೂ ವರದಿಯಲ್ಲಿ ಬರೆದೆ:
ಚೇತರಿಕೆ, ಶೇಕಡಾ ನಲವತ್ತೊಂದು.

ರಿಸ್ತಿನ್ ಬಂದದ್ದು ಆ ವಾರ.
ಹಿಮಸಾರಂಗದ ಮಂದೆಯವಳು. ಅರವತ್ತಮೂರು.
ಜುಲೈನಲ್ಲೂ ತಲೆಯಿಂದ ಇಳಿಯದ ಕೆಂಪು ಟೋಪಿ.
ಕುಕ್ಕರಗಾಲಿನಲ್ಲಿ ಕೂತು, ಥರ್ಮಾಸಿನಿಂದ ಕಾಫಿ ಬಗ್ಗಿಸುತ್ತಾ,
"ಯಾವುದರ ನಲವತ್ತೊಂದು?" ಅಂದಳು.

ಹುಲ್ಲು ತೋರಿಸಿದೆ. ಬರ್ಚಿನ ಮೊಳಕೆ ತೋರಿಸಿದೆ.
ಸತ್ತ ಮರಗಳನ್ನು ಬಾಗಿಲ ಹಾಗೆ ತಟ್ಟುತ್ತಿದ್ದ
ಮರಕುಟಿಗನ ಕಡೆಗೆ ಕೈ ಮಾಡಿದೆ.
"ಚಂದ ಇದೆ," ಅಂದಳು. "ಆದರೆ ಜನವರಿಯಲ್ಲಿ
ನನ್ನ ಮಂದೆ ಇದನ್ನು ತಿನ್ನುವುದಿಲ್ಲ."

ಆಗ ಹಿಮ ಕೆದರಿದರೆ ಕೆಳಗೆ ಸಿಗಬೇಕಾದದ್ದು
ಬಿಳಿಯ ಕಲ್ಲುಹೂವು. ಹೆಸರಿಗೆ ಹೂವು;
ಬೇರಿಲ್ಲ, ಎಲೆಯಿಲ್ಲ, ಗಿಡವೇ ಅಲ್ಲ,
ಪಾಚಿಯೂ ಬೂಷ್ಟೂ ಕೂಡಿ ಹೂಡಿದ ಸಂಸಾರ.
ವರ್ಷಕ್ಕೆ ಬೆಳೆದರೆ ಒಂದು ಅಕ್ಕಿಕಾಳು.
ಮಂದೆ ಮೇಯಲು ಅಂಗೈ ಮುಳುಗುವಷ್ಟು ಬೇಕು.
ಅದಕ್ಕೂ ಮೊದಲು ಬೂದಿ ತೊಳೆದುಹೋಗಬೇಕು,
ಪೈನ್ ಮರಗಳೆದ್ದು ನೆರಳು ಹದವಾಗಬೇಕು.
ಲೆಕ್ಕ ಹಾಕಿದೆವು, ಅವಳು ಬೆರಳಲ್ಲಿ, ನಾನು ಪೆನ್ಸಿಲಿನಲ್ಲಿ.
ಇಬ್ಬರಿಗೂ ಬಂದ ಉತ್ತರದೊಳಗೆ
ನಾವಿಬ್ಬರೂ ಇರಲಿಲ್ಲ.

ಈಗ ಚಳಿಗಾಲಕ್ಕೆ ಚೀಲದ ಮೇವು, ಲಾರಿಯಲ್ಲಿ.
ಮೊದಮೊದಲು ಕರುಗಳಿಗೆ ಹೊಟ್ಟೆ ಉಬ್ಬರಿಸುತ್ತಿತ್ತಂತೆ.
ಆಮೇಲೆ ಲಾರಿಯ ಸದ್ದಿಗೇ ಓಡಿ ಬರತೊಡಗಿದವು.
ಅದನ್ನು ಹೇಳುವಾಗ ಅವಳು ಗುಡ್ಡದ ಕಡೆ ನೋಡಲಿಲ್ಲ.

ಈ ಬೇಸಿಗೆ, ಹತ್ತನೆಯದು. ಚದರದ ಈಶಾನ್ಯ ಮೂಲೆ,
ಕರಿಕಟ್ಟಿದ ಬೊಡ್ಡೆಯ ಮೇಲೆ ಸಾಸಿವೆಯಷ್ಟು ಬೂದುಬಟ್ಟಲು.
ಎದೆ ಹೊಡೆದುಕೊಂಡಿತು. ಫೋನು ಮಾಡಿದೆ.
ರಿಸ್ತಿನ್ ಬಂದು, ಕನ್ನಡಕ ಏರಿಸಿ, ಮೂಗು ತಾಗುವಷ್ಟು ಬಗ್ಗಿ
ಬಹಳ ಹೊತ್ತು ನೋಡಿದಳು.
"ಇದು ಅದಲ್ಲ," ಅಂದಳು. "ಅದರ ಸೋದರಮಾವ.
ಮುಂಚೆ ಬಂದು ಮನೆತನ ವಿಚಾರಿಸುವವನು."

ಮತ್ತೆ ಬೆನ್ನಚೀಲ ಬಿಚ್ಚಿದಳು. ಸುಡದೆ ಉಳಿದ
ಆಚೆ ಗುಡ್ಡದಿಂದ ತಂದ ಕಲ್ಲುಹೂವು, ಒಣಗಿ ಗರಿಗರಿ.
ಹಿಡಿ ಹಿಡಿಯಾಗಿ ಪುಡಿಮಾಡಿ ಚೆಲ್ಲತೊಡಗಿದಳು,
ಕೋಳಿಗೆ ಕಾಳು ಹಾಕುವವರ ಹಾಗೆ, ಏನೂ ಆಡದೆ,
ದಾರದ ಹೊರಗೆ ಮಾತ್ರ.
"ಒಳಗೆ ಬೇಡ. ನಿನ್ನ ಲೆಕ್ಕ ಕೆಡುತ್ತದೆ."

ಕೊಳದ ಕಡೆಯಿಂದ ಗಾಳಿ ಬೀಸಿತು.
ಒಂದು ಚೂರು, ಉಗುರಿನಷ್ಟು,
ದಾರ ದಾಟಿ ಒಳಗೆ ಬಿತ್ತು.

ನೋಡಿದೆ. ಅವಳೂ ನೋಡಿದಳು.
ಪೆನ್ಸಿಲು ಕಿವಿಯ ಮೇಲೆಯೇ ಇತ್ತು.