ಮೆಟ್ಟಿಲ ತಲೆಯ ಸ್ವಿಚ್ಚು

ಟಾರ್ಚು ಹಿಡಿಯುವುದು, ಅಷ್ಟೇ ನನ್ನ ಕೆಲಸ.
ಅತ್ತಿಗೆ ಓಡೀಲ್ ಸ್ಕ್ರೂಡ್ರೈವರು ಹಲ್ಲಲ್ಲಿ ಕಚ್ಚಿಕೊಂಡೇ
"ಗೋಡೆಗೆ ಬಿಡು ರೊಸೇರ್, ನನ್ನ ಮುಖಕ್ಕಲ್ಲ" ಅನ್ನುತ್ತಾಳೆ.

ಮಡವಾಸ್ಕದಲ್ಲಿ ಇವತ್ತು ಸೊನ್ನೆಗಿಂತ ಮೂವತ್ತು ಕೆಳಗೆ.
ನದಿಯಾಚೆ ಕೆನಡಾದ ಗಿರಣಿಯ ಹೊಗೆ
ನೆಟ್ಟಗೆ ನಿಂತುಬಿಟ್ಟಿದೆ,
ಅಲುಗಲಿಕ್ಕೂ ಸೋಮಾರಿತನ.

ನೆಲಮಾಳಿಗೆಗೆ ಇಳಿವ ಮೆಟ್ಟಿಲ ತಲೆಯಲ್ಲಿ
ಎರಡು ಸ್ವಿಚ್ಚು ಅಕ್ಕಪಕ್ಕ:
ಬಿಳಿಯದು ದೀಪಕ್ಕೆ, ಕೆಂಪು ತಗಡಿನದು ಬಾಯ್ಲರಿಗೆ.
ಕತ್ತಲಲ್ಲಿ ಬೆರಳಿಗೆ ಎರಡೂ ಒಂದೇ.
ಕೆಂಪಿನ ಮೇಲೆ ಹನ್ನೊಂದು ವರ್ಷದಿಂದ ಅಡ್ಡ ಟೇಪು.
ಯಾರು ಅಂಟಿಸಿದ್ದು, ಯಾಕೆ,
ಒಂದು ದಿನವೂ ಮಾತು ಬಂದಿಲ್ಲ.

ವಾರದಿಂದ ಅದು ಗುಂಯ್ ಅನ್ನುತ್ತಿತ್ತಂತೆ,
ಡಬ್ಬಿಯಲ್ಲಿ ಸಿಕ್ಕ ಜೇನುನೊಣದ ಹಾಗೆ.
ಮುಟ್ಟಿದರೆ ಬಿಸಿ.
"ಮನೆ ಬೆಚ್ಚಗಿರಬೇಕು, ಸ್ವಿಚ್ಚಲ್ಲ."
ಶಾಲೆಯ ಬಸ್ಸು ಓಡಿಸುವವಳು,
ಕೆಮ್ಮು ಕೇಳಿಯೇ ಇಂಜಿನ್ನಿನ ಕಾಯಿಲೆ ಹೇಳುವವಳು.

ಬ್ರೇಕರು ಇಳಿಸಿದಳು. ಕೆಳಗೆ ಬಾಯ್ಲರು ಗಪ್ಪಾಯಿತು.
ಪರೀಕ್ಷೆಯ ಪೆನ್ನು ತಾಗಿಸಿ ಒಂದು ಸಲ, ಮತ್ತೆ ಇನ್ನೊಂದು ಸಲ.
"ಸತ್ತಿದ್ದೇನೆ ಅಂತ ತಂತಿ ತಾನಾಗಿ ಹೇಳುವುದಿಲ್ಲ. ಕೇಳಬೇಕು."
ಟೇಪು ಬಂತು, ಗಾಯದ ಪಟ್ಟಿ ಬಂದಂತೆ, ಒಂದೇ ಎಳೆತಕ್ಕೆ.
ತಗಡು ಬಂತು. ಸ್ವಿಚ್ಚು ಬಂತು
ಎರಡು ಕರಿಯ ತಂತಿಗಳನ್ನು ಬಾಲದಂತೆ ಎಳೆದುಕೊಂಡು.
ಒಂದು ತಿರುಪಿನ ಬುಡಕ್ಕೆ ತಳ ಹಿಡಿದ ಹಾಲಿನ ಬಣ್ಣ.
"ನೋಡು, ಸಡಿಲ. ಸಡಿಲ ಬಿಟ್ಟದ್ದೇ ಸುಡುವುದು."

ಮನೆ ತಣ್ಣಗಾಗುವ ಸದ್ದು ಕೇಳಿದ್ದೀರಾ?
ಕೊಳವೆಗಳು ಗೋಡೆಯೊಳಗೆ ಟಿಕ್ ಎನ್ನುತ್ತವೆ,
ಸುಮಾರು ಹೊತ್ತು ಬಿಟ್ಟು ಇನ್ನೊಮ್ಮೆ ಟಿಕ್.
ಆವತ್ತು ನನಗೆ ಕೇಳಿಸಿರಲಿಲ್ಲ.
ಅಣ್ಣನನ್ನು ಮಣ್ಣು ಮಾಡಿದ ಸಂಜೆ
ಅವಳು ತಂಗಿಯ ಮನೆಗೆ ಹೋದಳು,
ಎಲ್ಲರೂ ಹೋದರು, ಕೊನೆಗೆ ಬಾಗಿಲೆಳೆದವನು ನಾನು.
ದೀಪವೆಂದುಕೊಂಡು ಆರಿಸಿದವನೂ.
ಮೂರನೆಯ ದಿನ ಕೊಳವೆ ಒಡೆದ ಅಡುಗೆಮನೆಯಲ್ಲಿ
ಗೇಣುದ್ದ ಮಂಜುಗಡ್ಡೆ,
ಅದರೊಳಗೆ, ಗಾಜಿನಲ್ಲಿಟ್ಟ ಹಾಗೆ, ಅಣ್ಣನ ಚಪ್ಪಲಿ.
ಅವಳು ಕೊಡಲಿಯ ಹಿಂಬದಿಯಿಂದ
ಮೆಲ್ಲಗೆ, ಮೆಲ್ಲಗೆ, ಬಿಡಿಸಿದಳು.
ಯಾರನ್ನೂ ಏನೂ ಕೇಳಲಿಲ್ಲ.

ಈಗ ತಂತಿಯ ತುದಿ ಕೊಕ್ಕೆ ಮಾಡಿ
ತಿರುಪು ಸುತ್ತುವ ದಿಕ್ಕಿಗೇ ತೊಡಿಸುತ್ತಾಳೆ,
ಎಳೆದು ನೋಡುತ್ತಾಳೆ. ಹೊಸ ತಗಡು, ಅದೇ ಕೆಂಪು.
"ಟೇಪು ಹಚ್ಚಲಾ?" ಎಂದೆ.
ಸುರುಳಿ ನನ್ನ ಜೇಬಿನಲ್ಲೇ ಇತ್ತು.
ಅವಳು ನೋಡಿದ್ದು ಜೇಬನ್ನು, ಆಮೇಲೆ ನನ್ನನ್ನು.
"ಬೇಡ. ಹನ್ನೊಂದು ವರ್ಷ ಸಾಕು.
ಬ್ರೇಕರು ಹಾಕಿ ಬರುತ್ತೇನೆ, ನೀನು ಒತ್ತು."

ಒತ್ತಿದೆ.
ಏನಿಲ್ಲ. ಏನಿಲ್ಲ.
ಆಮೇಲೆ ಕೆಳಗೆಲ್ಲೋ ಒಂದು ಫ್ಯಾನು ಗಂಟಲು ಸರಿಮಾಡಿಕೊಂಡು
ಧಬ್ ಎಂದು ಬೆಂಕಿ ಹತ್ತಿತು.

"ಟಾರ್ಚು ಆರಿಸೋ," ಕೂಗಿದಳು ಕೆಳಗಿಂದ,
"ಸೆಲ್ಲು ದಂಡ."