ಇದೇ, ಇದೇ ಬಣ್ಣ

ಹ್ಯಾಟರಸ್ ದ್ವೀಪದಲ್ಲಿ, ಫೆರಿ ಕಟ್ಟೆಯ ಹಿಂದಿನ ಶೆಡ್ಡಿನಲ್ಲಿ
ಗಾಳದ ಕೋಲಿಗೆ ನೂಲು ಸುತ್ತುತ್ತೇನೆ.
ಮೂರು ಗೋಡೆ ತುಂಬ ಮೊಳೆ, ಮೊಳೆಗೊಂದು ಉರುಳೆ.
ಕಡಲಿಗೆ ಬರುವವರು ಮೀನಿಗೆ ಬರುತ್ತಾರೆ,
ನನ್ನಲ್ಲಿಗೆ ಬಂದು ಬಣ್ಣಕ್ಕೆ ಒದ್ದಾಡುತ್ತಾರೆ.

ಒಬ್ಬನಿಗೆ ಓದಿದ ಕಾಲೇಜಿನ ನೀಲಿ,
ಒಬ್ಬಳಿಗೆ ಮಾರಿಬಿಟ್ಟ ಟ್ರಕ್ಕಿನ ಮಾಸಲು ಕಿತ್ತಳೆ,
ಇನ್ನೊಬ್ಬನಿಗೆ
ಎಷ್ಟು ಕೊಟ್ಟೆ ಅಂತ ಹೆಂಡತಿ ಕೇಳದಂಥ ಬಣ್ಣ.
(ಕಪ್ಪು ಕೊಟ್ಟೆ. ಆದರೂ ಕೇಳಿದಳಂತೆ.)

ಎಲ್ಲರಿಗೂ ಮೊದಲೇ ಹೇಳಿಬಿಡುತ್ತೇನೆ:
ಒಣಗಿದ ನೂಲಿನ ಮಾತು ನಂಬಬೇಡಿ.
ಎಪಾಕ್ಸಿ ಕುಡಿದರೆ ಬಿಳಿ ಗಾಜಾಗಿ ಮಾಯವಾಗುತ್ತದೆ,
ಅರಿಶಿನ ಪಾಚಿಗೆ ತಿರುಗುತ್ತದೆ,
ಗುಲಾಬಿ, ಹಳೆ ಗಾಯದ ಗುರುತು.
ಉರುಳೆಯ ತುದಿ ಎಳೆದು, ನಾಲಿಗೆಗೆ ಸವರಿ, ಬೆಳಕಿಗೆ ಹಿಡಿ.
ಎಂಜಲಿನಲ್ಲಿ ಕಂಡದ್ದೇ ಅದರ ನಿಜ,
ಅನ್ನುತ್ತಿದ್ದಳು ವರ್ಡೀ ಅತ್ತೆ.
ಅವಳ ನಾಲಿಗೆ ಶನಿವಾರಕ್ಕೆಲ್ಲ ಕಾಮನಬಿಲ್ಲು.

ಅಕ್ಟೋಬರಿನಲ್ಲಿ ಲಿಂಡೆಲ್ ಗ್ಯಾಸ್ಕಿಲ್ ಬಂದ,
ಫೆರಿಯ ಎಂಜಿನ್ನಿಗೆ ಎಣ್ಣೆ ಉಣಿಸುವವನು.
ಹನ್ನೆರಡಡಿ ಕೋಲು, ಎಂಟು ಔನ್ಸ್ ಸೀಸ ಎಸೆಯುವಂಥದ್ದು,
ಹಿಡಿಯ ಮೇಲೆ ವಜ್ರದ ಹೆಣಿಗೆ.
ಬಣ್ಣ?
ಕೆಂಪು ಡ್ರಮ್ಮಿನದು, ಅಂದ.
ಮೀನನ್ನು ಅಲೆಯಿಂದ ಮರಳಿಗೆ ಎಳೆದಾಗ
ಇನ್ನೂ ನೀರು ಇಳಿಯದ ಆ ಮೊದಲ ಗಳಿಗೆಯದು.

ನನ್ನ ಕೈ ತಾಮ್ರದ ಉರುಳೆಗೆ ಹೋಗಿತ್ತು.
ಅವನ ಬೆರಳು ಪಕ್ಕದ ಮೊಳೆಯ ಮೇಲೆ ಕೂತಿತು:
ಪಾಚಿ ಹಸಿರು.
ಇದೇ, ಇದೇ ಬಣ್ಣ.

ನಕ್ಕೇನೆಂದು ಬಾಯಿ ತೆರೆದವಳು ಮುಚ್ಚಿಕೊಂಡೆ.
ಅಪ್ಪ, ಅಪ್ಪನ ಅಪ್ಪ, ಇಬ್ಬರೂ ಕಪ್ತಾನರು;
ಇವನು ಮಾತ್ರ ಇಪ್ಪತ್ತು ವರ್ಷ ಹಡಗಿನ ಹೊಟ್ಟೆಯಲ್ಲಿ.
ರಾತ್ರಿ ಎದುರು ಬರುವ ಹಡಗಿನ ಎಡಕ್ಕೆ ಕೆಂಪು ದೀಪ, ಬಲಕ್ಕೆ ಹಸಿರು.
ಅಷ್ಟು ಹೇಳಲಾಗದವನ ಕೈಗೆ
ಚುಕ್ಕಾಣಿ ಯಾರು ಕೊಡುತ್ತಾರೆ?
ಊರಲ್ಲಿ ಯಾರೂ ಆಡದ ಮಾತು,
ಒಂದು ಉರುಳೆಯ ಮುಂದೆ ತಾನಾಗಿ ಬಿದ್ದುಹೋಯಿತು.
ಅವನಿಗೆ ಬಿದ್ದದ್ದು ಗೊತ್ತಾಗಲಿಲ್ಲ.

ಕೇಳಿದ್ದನ್ನೇ ಸುತ್ತಿದೆ. ಹಸಿರು, ಅಂಚಿಗೆ ಕಪ್ಪು.
ವಜ್ರದ ನಡುವೆ ಮಾತ್ರ ಒಂದೇ ಒಂದು ಎಳೆ ತಾಮ್ರ ಸೇರಿಸಿದೆ.
ಯಾಕೆ? ಕೇಳಬೇಡಿ.
ಅವನು ತಪ್ಪೆಂದು ತೋರಿಸಲಿಕ್ಕಲ್ಲ;
ನಾನು ಕಂಡ ಮೀನೂ ಅಲ್ಲೆಲ್ಲಾದರೂ ಇರಲಿ ಅಂತ ಇರಬಹುದು.
ಮೋಟರು ನಿಮಿಷಕ್ಕೆ ಆರು ಸುತ್ತು ತಿರುಗಿಸಿತು ರಾತ್ರಿಯಿಡೀ,
ಮೆರುಗು ಒಂದು ಕಡೆ ಜೋಲದ ಹಾಗೆ.
ನಾನು ಕಾಫಿ ಹಿಡಿದು ಪಕ್ಕದಲ್ಲೇ ಕೂತಿದ್ದೆ, ಕೆಲಸವಿಲ್ಲದೆ.

ಕಡಲಂಚಿನಲ್ಲಿ ಹುಡುಗರು ನಕ್ಕರಂತೆ: ಕಪ್ಪೆ ಹಿಡಿಯೋದಕ್ಕಾ, ಲಿಂಡೆಲ್?
ಆ ಚಳಿಗಾಲ ಅವನು ಹಿಡಿದದ್ದರ ಲೆಕ್ಕ
ಅವರ ಬಾಯಿಂದಲೇ ಕೇಳಿದೆ.

ಮೂರು ವರ್ಷದ ಮೇಲೆ ಮೊನ್ನೆ ತಂದ, ಒಂದು ಉಂಗುರ ಮುರಿದಿದೆ.
ಬಿಸಿಲಿಗೆ ಎಪಾಕ್ಸಿ ಜೇನಿನಷ್ಟು ಹಳದಿಯಾಗಿ
ಹಸಿರು ಮೆಲ್ಲಗೆ ತಾಮ್ರದ ಕಡೆ ಸರಿದಿದೆ.
ನನ್ನ ಎಳೆ ಹುಡುಕಲು
ನನಗೇ ಕನ್ನಡಕ ಬೇಕಾಯಿತು.

ಆ ಹಸಿರು ಈಗ ತಯಾರಾಗುವುದಿಲ್ಲ, ಅಂದೆ.
ಇದ್ದದ್ದರಲ್ಲಿ ನೋಡು.
ಗೋಡೆಯುದ್ದಕ್ಕೂ ನಡೆದ, ಕೈ ಹಿಂದೆ ಕಟ್ಟಿಕೊಂಡು,
ತಾಮ್ರದ ಉರುಳೆಯ ಮುಂದೆ ನಿಂತ.
ತುದಿ ಎಳೆದು, ನಾಲಿಗೆಗೆ ಸವರಿ, ಬೆಳಕಿಗೆ ಹಿಡಿದ.

ಸುಳ್ಳು ಯಾಕೆ ಹೇಳಿದೆ, ಅಂದ.
ಇಲ್ಲೇ ಇದೆಯಲ್ಲ!
ಇದೇ, ಇದೇ ಬಣ್ಣ.