ಬೆಲ್ಲ ಕದ್ದಾಕಿ

ಮೊಬೈಲಿನಾಗ ರೆಕಾರ್ಡ್ ಹಚ್ಚಿ ಮ್ಯಾಡಮ್ ಅಂತಾರ:
ಮೊದಲ ನಿನ್ನ ಹೆಸರು ಹೇಳು.
ಚಂದ್ರಭಾಗಾ. ಕಲಬುರಗಿ ಗಂಜಿನ ದಾಲ್ ಮಿಲ್ಲಿನಾಗ
ತೊಗರಿಬ್ಯಾಳ್ಯಾಗಿನ ಹಳ್ಳು ಆರಿಸ್ತೀನಿ.
ಶನಿವಾರ, ಐತವಾರ ಸಂಶೋಧಕಿ.
ಆ ಶಬ್ದ ಬಾಯಾಗ ಕೂಡಲಾಕ ಎರಡು ತಿಂಗಳು ಹಿಡೀತು.
ಈಗ ಮಿಲ್ಲಿನಾಗ ಕೇಳದವರಿಗೂ ಹೇಳ್ತೀನಿ.

ಖೋಲಿ ಸಣ್ಣದು. ಕೆಳಗ ಶಹಾಬಾದ ಫರಸಿ.
ಏಪ್ರಿಲ್ ಬಿಸಲು, ಮೂರೂ ಮಂದಿ ಚಪ್ಪಲಿ ಬಿಟ್ಟು
ಅಂಗಾಲು ತಂಪು ಮಾಡ್ಕೋತ ಕುಂತೀವಿ.
ನಡುವ ಹಳೇ ಯತೀಮಖಾನೆಯ ದಫ್ತರ, ಉರ್ದುದಾಗ.
ದಸ್ತಗೀರ ಚಾಚಾ ಓದ್ತಾರ,
ವೈಜಯಂತಿ ಮ್ಯಾಡಮ್ ಬರಕೋತಾರ,
ನಾ ಕೇಳ್ತೀನಿ. ಕೇಳೂದೂ ಒಂದು ಕೆಲಸ.

ಚಾಚಾನ ಬಟ್ಟು ಬಲದಿಂದ ಎಡಕ್ಕ ಹೋಗ್ತದ.
ಸಾಲ್ಯಾಗ ನಾ ಹಂಗ ಬರದಿದ್ದಕ್ಕ
ಮಾಸ್ತರ ಗೆಣ್ಣಿಗೆ ಹೊಡದಿದ್ದ.
ಆ ಕಡಿಂದ ಬರಿಯೋ ಜಗತ್ತೂ ಒಂದು ಅದ ಅಂತ
ಅವಂಗೂ ಯಾರೂ ಹೇಳಿರಲಿಲ್ಲೇನೋ.

ಫಸಲಿ ಹದಿಮೂರನೂರಾ ಐವತ್ತೊಂದು.
ಹುಡುಗಿ. ಹೆಸರು ಗೊತ್ತಿಲ್ಲ.
ಗುಲ್ಬರ್ಗಾ ಸ್ಟೇಷನ್ ಮ್ಯಾಗ ಸಿಕ್ಕಾಳ.
ವಯಸ್ಸು ಹತ್ತೋ, ಹನ್ನೆರಡೋ.
ಕಮ್-ಅಕಲ್.

ಚಾಚಾ ಅಲ್ಲೇ ನಿಂತ್ರು. ಫ್ಯಾನಿನ ಸಪ್ಪಳ.
ಆ ಶಬ್ದ ನಂಗೇನು ಹೊಸದಲ್ಲ,
ಅದರ ಅಕ್ಕ ತಂಗ್ಯಾರು ನಮ್ಮ ಓಣ್ಯಾಗ
ಕನ್ನಡ ಮಾತಾಡ್ಕೋತ ಅದಾರ.
ನಾ ಕಿಟಕಿ ಕಡಿ ನೋಡಿದೆ. ಮ್ಯಾಡಮ್ ಅಳಾಕ ಹತ್ತಿದ್ರು.
ದಫ್ತರದ ಮ್ಯಾಗ ಬರಬೇಕಾದ ಸಿಟ್ಟು ಅವರ ಮ್ಯಾಗ ಬಂತು.
ನನ್ನ ಹೊಡತಕ್ಕ ನೀವ್ಯಾಕ ಮೊದಲ ಅಳ್ತೀರಿ?
ಅಂದೇ ಬಿಟ್ಟೆ.

ಅವರು ಪೆನ್ನಿನ ಟೊಪಗಿ ಹಾಕಿ, ತಗದು, ಹಾಕಿ, ತಗದು,
ನಂಗೊಬ್ಬ ತಮ್ಮ ಇದ್ದ, ಅಂದ್ರು.
ಮನಿಗೆ ಮಂದಿ ಬಂದ್ರ ಹಿಂದಿನ ಖೋಲಿಗೆ ಕಳಸ್ತಿದ್ವಿ.
ಕಳಸ್ತಿದ್ರು ಅನ್ನಲಿಲ್ಲ.
ಕಳಸ್ತಿದ್ವಿ ಅಂದ್ರು.
ಅದನ್ನ ನಾ ಕೇಳಿದೆ.

ಚಾಚಾ ಕೆಮ್ಮಿ ಮುಂದಿನ ಸಾಲು ಹಿಡದ್ರು:
ಉಗ್ರಾಣದ ಬೆಲ್ಲ ಮೂರು ಸಲ ಕದ್ದಾಳ.
ಕೀಲಿ ಹಾಕಿದ ಮ್ಯಾಗೂ ಕದ್ದಾಳ.
ಹೆಂಗ ಅಂಬೋದು ತಿಳಿದಿಲ್ಲ.

ನಗು ಹೊಟ್ಟಿಯಿಂದ ಎದ್ದು ಬಂತು ನಂಗ.
ಅಕಲ್ ಇಲ್ಲದಾಕಿ! ಕೀಲಿ ಹಾಕಿದ ಮ್ಯಾಗೂ!
ಹೆಂಗ ಅಂತ ಅಕಲ್ ಇದ್ದವರಿಗೇ ತಿಳಿದಿಲ್ಲಂತ!
ಚಾಚಾನ ಚಷ್ಮಾ ಮೂಗಿನ ತುದಿಗೆ ಜಾರಿತು.
ಮ್ಯಾಡಮ್ ಸೆರಗಿನಾಗ ಮಾರಿ ಹುದುಗಿಸಿ
ನಗ್ತಿದ್ರೋ ಅಳ್ತಿದ್ರೋ,
ರೆಕಾರ್ಡ್ ಎಷ್ಟು ಸಲ ಕೇಳಿದ್ರೂ ಗೊತ್ತಾಗಂಗಿಲ್ಲ.

ಮುಂದಿನ ಹಾಳಿ ಗೆದ್ದಲು ತಿಂದಾವ.

ಯುನಿವರ್ಸಿಟಿಯವರು ಹೇಳಿ ಕಳಿಸ್ಯಾರ:
ವರದಿಯಾಗ ಅಳೂದು ನಗೂದು ಬ್ಯಾಡ, ಸಂಗತಿ ಅಷ್ಟ ಇರಲಿ.
ಸಂಗತೀನೇ ಬರಕೋರಿ, ಅಂದೆ:
ಒಂದು ಖೋಲ್ಯಾಗ ಮೂರು ಮಂದಿ ಕುಂತಿದ್ದೆವು,
ಎದ್ದು ಬರೂ ಮುಂದ ನಾಕು ಮಂದಿ ಇದ್ದೆವು.
ಮ್ಯಾಡಮ್ ಬರದು, ಅದನ್ನ ಒಡದು ಹಾಕಿ,
ಮತ್ತ ಬರದ್ರು.

ಚಾಚಾ ಅವತ್ತು ಏನೂ ಅನ್ನಲಿಲ್ಲ.
ಮರುದಿನ ಪೇಪರಿನಾಗ ಕಟ್ಟಿಕೊಂಡು ಬೆಲ್ಲ ತಂದ್ರು.
ನಾ ನಾಕು ತುಂಡು ಮಾಡಿದೆ.
ನಾಕನೇ ತುಂಡಿಗೆ ಯಾರೂ ಕೈ ಹಚ್ಚಲಿಲ್ಲ,
ದಫ್ತರದ ಬಾಜೂಕ ಇಟ್ಟು ಖೋಲಿಗೆ ಕೀಲಿ ಹಾಕಿದ್ರು.

ಅದನ್ನ ನಾನೇ ಕದ್ದೆ.
ಹೆಂಗ ಅಂತ ಹೇಳಂಗಿಲ್ಲ.